ಲೆಸ್ಟರ್ ಸ್ಕ್ವೇರ್‌ ಸಾಲಿನಲ್ಲಿ ಸಿಕ್ಕ ಅಜ್ಜಿಗೆ

ನಿಮ್ಮ ಹೆಸರು ಕೇಳಲೇ ಇಲ್ಲ, ಕ್ಷಮಿಸಿ. ಲಂಡನ್‌ನಲ್ಲಿ ಓದುತ್ತಿದ್ದಾಗ ಲೆಸ್ಟರ್ ಸ್ಕ್ವೇರ್‌ನ ಅಗ್ಗದ ನಾಟಕ ಟಿಕೆಟ್ ಬೂತ್ ಮುಂದೆ ಸುಮ್ನೆ ಜೇಬು ತಡಕುತ್ತಾ ನಿಂತಿದ್ದೆ. ಹಿಂದಿದ್ದ ನೀವು, "ಕಂಬ ಅಡ್ಡ ಬರುವ ಸೀಟು ಕೇಳು, ಕಡಿಮೆಗೆ ಸಿಗುತ್ತೆ. ಸ್ವಲ್ಪ ಬಗ್ಗಿದರೆ ಆಯಿತು" ಅಂದಿರಿ.

1985ರಲ್ಲಿ ಲಂಡನ್‌ನಲ್ಲಿ ಶುರುವಾದ 'ಲೆ ಮಿಸರಾಬ್ಲ್' ಸಂಗೀತ ನಾಟಕವನ್ನು ಹಾಗೆ ಬಗ್ಗಿಯೇ ನೋಡಿದೆ. ಸುಮಾರು 3 ಗಂಟೆ! ಮಾತೆಲ್ಲ ಹಾಡೇ. ವಿದ್ಯಾರ್ಥಿಗಳು ಮೇಜು, ಕುರ್ಚಿ ಪೇರಿಸಿ ಬೀದಿಗೆ ತಡೆ ಕಟ್ಟಿದಾಗ ನಾನು ಅಳುತ್ತಿದ್ದೆ. ಪಕ್ಕದಲ್ಲೇ ಕೂತಿದ್ದ ನೀವು ಏನೂ ಹೇಳದೆ ಸೀಟಿನ ಪೆಟ್ಟಿಗೆಗೆ ನಾಣ್ಯ ಹಾಕಿ, ಪುಟ್ಟ ದುರ್ಬೀನು ತೆಗೆದುಕೊಟ್ಟಿರಿ. ಕತ್ತು ಮೂರು ದಿನ ನೋಯಿತು, ಅದು ಬೇರೆ ಮಾತು.

ಆಮೇಲೆ ಎಷ್ಟೋ ಪ್ರದರ್ಶನ ನೋಡಿದೆ, ಜಾಸ್ತಿ ಕಂಬದ ಹಿಂದಿನಿಂದಲೇ. ತುಂಬಾ ಥ್ಯಾಂಕ್ಸ್ ಅಜ್ಜಿ. ಆ ನಾಣ್ಯ ಇನ್ನೂ ನನ್ನ ಮೇಲೆ ಸಾಲ.