ಕಾಲಿಗೂ ಒಂದು ಸೋಮವಾರ

ಎಲ್ಲರಿಗೂ ನಮಸ್ಕಾರ.

ನಮ್ಮ ಕನ್ನಡ ಸಂಘದ ಸುದ್ದಿಪತ್ರದ ಈ ಸಂಚಿಕೆ ಮಂಗಳವಾರವೇ ನಿಮ್ಮ ಕೈ ಸೇರಬೇಕಿತ್ತು. ಈಗ ಗುರುವಾರ ರಾತ್ರಿ ಹನ್ನೊಂದೂವರೆ. ಉಳಿದ ಪುಟಗಳೆಲ್ಲ ತುಂಬಿವೆ, ಸಂಪಾದಕೀಯದ ಜಾಗ ಮಾತ್ರ ಖಾಲಿ. ದೀಪಾವಳಿ, ರಾಜ್ಯೋತ್ಸವ ಎರಡೂ ಹತ್ತಿರ ಬಂದಿವೆ, ಅದನ್ನೇ ಬರೆಯೋಣ ಎಂದುಕೊಂಡಿದ್ದೆ. ಆದರೆ ಭಾನುವಾರ ಬೆಳಿಗ್ಗೆ ಮಗಳು ಹೇಳಿದ ಒಂದು ಮಾತು ತಲೆಯಿಂದ ಹೋಗುತ್ತಲೇ ಇಲ್ಲ.

ಅವಳಿಗೆ ಹದಿಮೂರು ವರ್ಷ. ಇಲ್ಲಿ ಐರ್ಲೆಂಡಿನಲ್ಲಿ, ನಮ್ಮ ಏರಿಯಾದ ಗೇಲಿಕ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ಇಲ್ಲಿನ ದೇಸಿ ಆಟ) ಕ್ಲಬ್ಬಿನಲ್ಲಿ ಅಂಡರ್-14 ಹುಡುಗಿಯರ ತಂಡದಲ್ಲಿ ಆಡುತ್ತಾಳೆ. ಕಳೆದ ವಾರ ಬುಧವಾರ ಸಂಜೆ ಫ್ಲಡ್‌ಲೈಟ್ ಕೆಳಗೆ ಒಂದು ಪಂದ್ಯ. ಹಿಂದೆ ಮಳೆಯಿಂದ ಮುಂದೂಡಿದ್ದು ಅದು. ಶುಕ್ರವಾರ ಟ್ರೈನಿಂಗ್. ಶನಿವಾರ ಬೆಳಿಗ್ಗೆ ಇನ್ನೊಂದು ಪಂದ್ಯ. ಮನೆಗೆ ಬಂದು ಊಟ ಮಾಡಿದವಳೇ ನಮ್ಮ ರಾಜ್ಯೋತ್ಸವದ ಕೋಲಾಟದ ರಿಹರ್ಸಲ್‌ಗೆ ಓಡಿದಳು. ಭಾನುವಾರ ಹತ್ತಕ್ಕೆ ಕನ್ನಡ ತರಗತಿ. ಎಬ್ಬಿಸಿದೆ. ಎದ್ದು ಅರ್ಧ ಮೆಟ್ಟಿಲು ಇಳಿದು ಅಲ್ಲೇ ಕೂತುಬಿಟ್ಟಳು. "ಅಮ್ಮಾ, ಇವತ್ತು ನನ್ನ ಕಾಲಿಗೆ ರಜಾ ಕೊಡ್ತೀಯಾ?" ಅಂದಳು.

ನಾನು ಕೊಡಲಿಲ್ಲ. ತರಗತಿಗೆ ಕರೆದುಕೊಂಡು ಹೋದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶನಿವಾರದ ಪಂದ್ಯ ಅವರು ಸೋತಿದ್ದರು. ಪಿಚ್ ಪಕ್ಕ ನಿಂತಿದ್ದ ಅಪ್ಪ ಅಮ್ಮಂದಿರೆಲ್ಲ ಒಂದೇ ಮಾತು ಹೇಳಿದರು: ಆ ತಂಡಕ್ಕೆ ಇಡೀ ವಾರ ಬಿಡುವಿತ್ತು, ನಮ್ಮ ಮಕ್ಕಳು ಬುಧವಾರ ತಾನೇ ಆಡಿದ್ದರು. ನನಗೂ ಹಾಗೇ ಅನ್ನಿಸಿತು. ಮನೆಗೆ ಬಂದ ಮೇಲೆ ಅದು ನಿಜವೇ ಎಂದು ನೋಡಬೇಕು ಅನ್ನಿಸಿತು.

ಇತ್ತೀಚೆಗೆ ಬಂದವರಿಗಾಗಿ ಎರಡು ಮಾತು. ಹುಡುಗಿಯರ ಫುಟ್‌ಬಾಲಿಗೆ ಬೇರೆ ಸಂಸ್ಥೆ ಇದೆ, ಪುರುಷರ ಆಟ ನಡೆಸುವುದು ಜಿಎಎ, ಅಂದರೆ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್. ಅದು ಹುಟ್ಟಿದ್ದು ಟಿಪ್ಪರೇರಿಯ ಥರ್ಲ್ಸ್ ಊರಿನ ಒಂದು ಹೋಟೆಲಿನಲ್ಲಿ, 1884ರ ನವೆಂಬರ್ 1ರಂದು. ಹೌದು, ನಮ್ಮ ನವೆಂಬರ್ 1. ಈ ವಿಷಯ ಗೊತ್ತಾದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಇಲ್ಲಿ ಆಡುವ ಯಾರಿಗೂ ಸಂಬಳವಿಲ್ಲ. 82,300 ಜನ ಹಿಡಿಸುವ ಡಬ್ಲಿನ್ನಿನ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ ಭಾನುವಾರ ಫೈನಲ್ ಆಡಿದವರು ರಜೆ ಮುಗಿದ ಮೇಲೆ ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಕೆರಿ ಕೌಂಟಿ (ಅಂದರೆ ಜಿಲ್ಲೆ) ತಂಡದ ಡೇವಿಡ್ ಕ್ಲಿಫರ್ಡ್ ಹೆಸರು ನಿಮ್ಮ ಮಕ್ಕಳ ಬಾಯಲ್ಲಿ ಕೇಳಿರುತ್ತೀರಿ. ಅವರು ವೃತ್ತಿಯಲ್ಲಿ ಮೇಷ್ಟ್ರು.

ಮಗಳೂ ನಾನೂ ಅವಳ ರಫ್ ನೋಟ್‌ಬುಕ್ಕಿನ ಹಿಂದೆ ಲೆಕ್ಕ ಹಾಕಿದೆವು. 2023ರಿಂದ 2025ರವರೆಗೆ ಕೌಂಟಿ ತಂಡಗಳ ಆಲ್ ಐರ್ಲೆಂಡ್ ಪುರುಷರ ಫುಟ್‌ಬಾಲ್ ಚಾಂಪಿಯನ್‌ಶಿಪ್ ನಡೆದ ಪದ್ಧತಿ ಇಂಥ ಲೆಕ್ಕಕ್ಕೆ ಹೇಳಿ ಮಾಡಿಸಿದ ಹಾಗಿತ್ತು. 16 ತಂಡ, ನಾಲ್ಕು ಗುಂಪು. ಗುಂಪಿನಲ್ಲಿ ಮೊದಲು ಬಂದವರು ಒಂದು ವಾರಾಂತ್ಯ ಸುಮ್ಮನಿದ್ದು ನೇರ ಕ್ವಾರ್ಟರ್ ಫೈನಲ್‌ಗೆ. ಎರಡನೆಯ, ಮೂರನೆಯ ಸ್ಥಾನದವರು ಆ ವಾರಾಂತ್ಯ ಇನ್ನೊಂದು ಪಂದ್ಯ ಆಡಿ, ಗೆದ್ದವರು ಮುಂದಿನ ವಾರವೇ ಕ್ವಾರ್ಟರ್ ಫೈನಲ್‌ಗೆ ಬರಬೇಕಿತ್ತು. ಅಂದರೆ ಒಂದು ಕಡೆ ಎರಡು ವಾರ ಬಿಡುವು ಸಿಕ್ಕ ತಂಡ, ಇನ್ನೊಂದು ಕಡೆ ಒಂದೇ ವಾರದ ತಂಡ. ಮೂರು ವರ್ಷದಲ್ಲಿ ಇಂಥ ಪಂದ್ಯ 12. ಬಿಡುವಿದ್ದವರು ಗೆದ್ದದ್ದು 8, ಸೋತದ್ದು 4.

"ನೋಡು, ನಾನು ಹೇಳ್ಲಿಲ್ವಾ?" ಅಂದಳು ಮಗಳು. ಆದರೆ ಸ್ವಲ್ಪ ತಾಳಿ. ಈ ಪದ್ಧತಿಯಲ್ಲಿ ಬಿಡುವು ಸಿಗುತ್ತಿದ್ದದ್ದು ಗುಂಪಿನಲ್ಲಿ ಗೆದ್ದವರಿಗೆ. ಅವರು ಮೊದಲೇ ಗಟ್ಟಿ ತಂಡ. ಬಿಡುವಿನಿಂದ ಗೆದ್ದರೋ, ತಮ್ಮ ಬಲದಿಂದಲೇ ಗೆದ್ದರೋ, ಬೇರೆ ಮಾಡಿ ಹೇಳುವುದು ಹೇಗೆ? 2025ರದ್ದನ್ನೇ ನೋಡಿ. ಮೀತ್, ಟೈರೋನ್ ಬಿಡುವು ಪಡೆದು ಗೆದ್ದವು. ಅರ್ಮಾ, ಮೊನಹನ್ ಬಿಡುವು ಪಡೆದೂ ಸೋತವು. ಜೂನ್ 14ರಂದು ಮೀತ್ ಕೈಲಿ ಚೆನ್ನಾಗಿ ಹೊಡೆತ ತಿಂದಿದ್ದ ಕೆರಿ, ಮುಂದಿನ ವಾರ ಕ್ಯಾವನ್ ಮೇಲೆ ಆಡಿ, ಅದರ ಮುಂದಿನ ವಾರ ಅರ್ಮಾ ಮೇಲೆ 32 ಪಾಯಿಂಟ್ ಹೊಡೆಯಿತು. ಅರ್ಮಾ 2024ರ ಚಾಂಪಿಯನ್, ಮೇಲೆ ಎರಡು ವಾರ ಆರಾಮಾಗಿದ್ದ ತಂಡ. ದ್ವಿತೀಯಾರ್ಧದಲ್ಲಿ ಒಂದಷ್ಟು ಹೊತ್ತು ಅವರಿಗೆ ಚೆಂಡೇ ಸಿಗಲಿಲ್ಲ. ಕೊನೆಗೆ ಜುಲೈ 27ರ ಫೈನಲ್‌ನಲ್ಲಿ ಸ್ಯಾಮ್ ಮೆಗ್ವೈರ್ ಕಪ್ಪಿಗೆ ಆಡಿದ ಕೆರಿ, ಡೊನೆಗಾಲ್ ಎರಡೂ ಬಿಡುವಿಲ್ಲದ ದಾರಿಯಲ್ಲಿ ಬಂದವರೇ.

ಹಾಗಾದರೆ ಬಿಡುವು ಮುಖ್ಯ ಅಲ್ಲವೇ? ಇಲ್ಲಿಗೆ ಬಂದಾಗ ನನಗೆ ನಮ್ಮಮ್ಮನ ಊರು ನೆನಪಾಯಿತು.

ಚನ್ನರಾಯಪಟ್ಟಣದ ಕಡೆಯ ಊರು. ಗಣೇಶನ ಹಬ್ಬ ಕಳೆದ ಮೇಲೆ ಪಕ್ಕದ ಊರಿನಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ. 55 ಕೆ.ಜಿ. ವಿಭಾಗ. ಸುತ್ತಲ ಊರಿನ ತಂಡಗಳೆಲ್ಲ ಟ್ರ್ಯಾಕ್ಟರ್, ಟೆಂಪೋ ಹತ್ತಿ ಬರುತ್ತಿದ್ದವು. ಸಂಜೆ ಏಳಕ್ಕೆ ಶುರು ಎಂದು ಪಾಂಪ್ಲೆಟ್ಟಿನಲ್ಲಿ ಇರುತ್ತಿತ್ತು. ಭಾಷಣ, ಹಾರ, ಶಾಲು ಎಲ್ಲ ಮುಗಿದು ಮೊದಲ ಸೀಟಿ ಊದುವಾಗ ಹತ್ತೂವರೆ. ನನ್ನ ಚಿಕ್ಕ ಮಾವ ರೈಡರ್. ಅವನ ಹೆಸರು ಮೈಕಿನಲ್ಲಿ ಕೂಗಿದರೆ ನಮ್ಮ ಊರಿನವರೆಲ್ಲ ಎದ್ದು ನಿಲ್ಲುತ್ತಿದ್ದರು. ನನಗಾಗ ಹತ್ತು ವರ್ಷ. ತಾತನ ಕಂಬಳಿಯೊಳಗೆ ಮುದುಡಿ ಕೂತು, ಬಿಸಿ ಮೆಣಸಿನಕಾಯಿ ಬಜ್ಜಿ ತಿನ್ನುತ್ತಾ ನೋಡುತ್ತಿದ್ದೆ. ಅಂಕಣಕ್ಕೆ ಹರಡಿದ್ದ ಮರದ ಹೊಟ್ಟಿನ ವಾಸನೆ ಈಗಲೂ ಮೂಗಿನಲ್ಲಿದೆ.

ಅವತ್ತು ಮಾವ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಾಲು ಕರೆದು ಡೇರಿಗೆ ಹಾಕಿದ್ದ. ಆಲೂಗಡ್ಡೆ ಕೀಳುವ ಕಾಲ. ಇಡೀ ದಿನ ಮೂಟೆ ಹೊತ್ತಿದ್ದ. ಹನ್ನೊಂದಕ್ಕೆ ಮೊದಲ ಪಂದ್ಯ ಗೆದ್ದರು. ಒಂದಕ್ಕೆ ಎರಡನೆಯದು, ಎರಡೂವರೆಗೆ ಮೂರನೆಯದು. ನಾಲ್ಕಕ್ಕೆ ಸೆಮಿಫೈನಲ್. ಎಲ್ಲ ಗೆದ್ದರು. ಫೈನಲ್‌ನಲ್ಲಿ ಎದುರಾಗಿದ್ದ ತಂಡಕ್ಕೆ ಮೊದಲ ಸುತ್ತಿನಲ್ಲಿ 'ಬೈ' ಸಿಕ್ಕಿತ್ತು, ಅಂದರೆ ಆಡದೆಯೇ ಮುಂದಿನ ಸುತ್ತು. ಎರಡನೆಯ ಸುತ್ತಿಗೆ ಆಡಬೇಕಿದ್ದವರು ಬರಲೇ ಇಲ್ಲ, ವಾಕ್ ಓವರ್. ಆ ಹುಡುಗರು ಸ್ಟೇಜಿನ ಹಿಂದೆ ಜಮಖಾನ ಹಾಸಿಕೊಂಡು ಒಳ್ಳೆ ನಿದ್ದೆ ಮಾಡಿ ಎದ್ದಿದ್ದರು. ಫೈನಲ್ ಶುರುವಾದಾಗ ಪೂರ್ವದಲ್ಲಿ ಬೆಳಕು ಹರಿಯುತ್ತಿತ್ತು. ಕೊನೆಯ ಎರಡು ನಿಮಿಷ, ಎರಡೇ ಪಾಯಿಂಟ್ ವ್ಯತ್ಯಾಸ. ಮಾವ ರೈಡಿಗೆ ಹೋದ. ಗೆರೆ ದಾಟಿ ಮೂರು ಹೆಜ್ಜೆ ಇಟ್ಟ, ಅಷ್ಟೇ. ಯಾರೂ ಮುಟ್ಟಿರಲಿಲ್ಲ. ಹಾಗೇ ಕುಸಿದು ಕೂತ. ಮೀನಖಂಡ ಹಿಡಿದುಕೊಂಡುಬಿಟ್ಟಿತ್ತು. ಬಾಯಲ್ಲಿ "ಕಬಡ್ಡಿ, ಕಬಡ್ಡಿ" ಇನ್ನೂ ಬರುತ್ತಿತ್ತು, ಕಾಲು ಏಳುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ತಾತ ಜಗಲಿಯ ಮೇಲೆ ಕೂತು ಮಗನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಿಸಿ ಹರಳೆಣ್ಣೆ ತಿಕ್ಕಿದರು. ಬಹಳ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಮೆಲ್ಲಗೆ, "ಎತ್ತಿಗೆ ಸೋಮವಾರ ಬಿಟ್ಟಿದೀವಲ್ಲೋ ಮಗ. ನಿನ್ ಕಾಲಿಗೆ ಯಾವ ವಾರ ಬಿಟ್ಟಿದೀಯಾ?" ಅಂದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೋಮವಾರ ಬಸವಣ್ಣನ ವಾರ. ಮಳೆ ಬಂದು ನೆಲ ಹದವಾಗಿದ್ದರೂ, ನಾಳೆಗೆ ಹದ ಆರಿಹೋಗುತ್ತದೆ ಎಂದು ಗೊತ್ತಿದ್ದರೂ, ತಾತ ಅವತ್ತು ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಎತ್ತುಗಳ ಮೈ ತೊಳೆದು, ಮೇವು ಹಾಕಿ, ನೆರಳಿನಲ್ಲಿ ಕಟ್ಟುತ್ತಿದ್ದರು.

ಮುಂದಿನ ವರ್ಷ ನಮ್ಮವರಿಗೇ ಬೈ ಸಿಕ್ಕಿತು. ಎಷ್ಟು ಖುಷಿ! ಮೂರು ಗಂಟೆ ಚಳಿಯಲ್ಲಿ ಕಾದು, ಮೈ ತಣ್ಣಗಾಗಿ, ಆಡಿದ ಮೊದಲ ಪಂದ್ಯದಲ್ಲೇ ಸೋತು ಬಂದರು. ಅದೂ ನಿಜ. ಅರ್ಮಾದವರ ಮುಖ ಟಿವಿಯಲ್ಲಿ ನೋಡುವಾಗ ನನಗೆ ಆ ರಾತ್ರಿಯೇ ಕಣ್ಣ ಮುಂದೆ ಬಂದಿತ್ತು.

ನನಗೆ ಈಗ ಅನ್ನಿಸುವುದು ಇಷ್ಟು. ಎರಡು ಪಂದ್ಯಗಳ ನಡುವೆ ಕ್ಯಾಲೆಂಡರಿನಲ್ಲಿ ಎಷ್ಟು ದಿನ ಇದೆ ಎಂದು ನಾವು ಎಣಿಸುತ್ತೇವೆ. ಆ ದಿನಗಳಲ್ಲಿ ಮೈ ಏನು ಮಾಡುತ್ತಿತ್ತು ಎಂದು ಕೇಳುವುದಿಲ್ಲ. ಸಂಬಳಕ್ಕೆ ಆಡುವವನಿಗೆ ಪಂದ್ಯದ ಮರುದಿನ ಮಲಗುವುದೂ ಕೆಲಸದ ಭಾಗವೇ. ಸಂಬಳವಿಲ್ಲದೆ ಆಡುವವನಿಗೆ ಮರುದಿನ ಆಸ್ಪತ್ರೆಯ ಹನ್ನೆರಡು ಗಂಟೆ ಶಿಫ್ಟ್, ಹಸುವಿನ ಕೊಟ್ಟಿಗೆ, ಇಲ್ಲವೇ ಡಬ್ಲಿನ್‌ನಿಂದ ಊರಿಗೆ ಎರಡು ಗಂಟೆ ಡ್ರೈವಿಂಗ್. ಏಳು ದಿನ ಗ್ಯಾಪ್ ಇದ್ದರೂ ಮೈಗೆ ಒಂದು ದಿನ ಸಿಗುವುದಿಲ್ಲ. 2022ರಿಂದ ಇಲ್ಲಿ ವರ್ಷವನ್ನು ಎರಡಾಗಿ ಒಡೆದಿದ್ದಾರೆ. ಕೌಂಟಿ ಪಂದ್ಯಗಳೆಲ್ಲ ಜುಲೈಗೆ ಮುಗಿದು, ಆಮೇಲೆ ಕ್ಲಬ್ಬುಗಳ ಸರದಿ. ಮೊದಲು ಕ್ಲಬ್ ಆಟಗಾರರು ತಮ್ಮ ಪಂದ್ಯ ಯಾವಾಗ ಎಂದೇ ಗೊತ್ತಿಲ್ಲದೆ ಬೇಸಿಗೆಯೆಲ್ಲ ಕಾಯುತ್ತಿದ್ದರು. ಅದು ತಪ್ಪಿತು, ಒಳ್ಳೆಯದೇ ಆಯಿತು. ಆದರೆ ಚಾಂಪಿಯನ್‌ಶಿಪ್ ಶುರುವಾದರೆ ವಾರ ವಾರವೂ ಆಟ. ಈ ಆಟದಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವುದು ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್. ಒಮ್ಮೆ ಹಿಡಿದುಕೊಂಡರೆ ಮತ್ತೆ ಮತ್ತೆ ಹಿಡಿದುಕೊಳ್ಳುತ್ತದೆ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ನಮ್ಮ ಸಂಘದಲ್ಲೇ ಇರುವ ಫಿಸಿಯೋ ಒಬ್ಬರನ್ನು ಕೇಳಿದೆ. ಹತ್ತರಿಂದ ಹದಿನಾಲ್ಕರ ವಯಸ್ಸಿನಲ್ಲಿ ಮೂಳೆ ಬೇಗ ಉದ್ದವಾಗುತ್ತದೆ, ಸ್ನಾಯು ಅಷ್ಟು ಬೇಗ ಬೆಳೆಯುವುದಿಲ್ಲ. ಓಡಿದಾಗ, ಒದ್ದಾಗ ಅದು ಮೂಳೆಯನ್ನು ಎಳೆಯುತ್ತದೆ. ಮಂಡಿಯ ಕೆಳಗೆ, ಹಿಮ್ಮಡಿಯಲ್ಲಿ ನೋವು ಬರುವುದು ಅದಕ್ಕೇ. ಓಟ, ಆಟ ಕಡಿಮೆ ಮಾಡುವುದೇ ಮೊದಲ ಮದ್ದು. ಜೋರಾಗಿ ಆಡಿದ ಮೇಲೆ ಮೈನೋವು ಜಾಸ್ತಿಯಾಗುವುದು ಎರಡನೆಯ ದಿನ. ಸ್ನಾಯುವಿನಲ್ಲಿ ಖರ್ಚಾದ ಶಕ್ತಿ ಮತ್ತೆ ತುಂಬಲು ಒಂದೆರಡು ದಿನ ಬೇಕು, ಅದೂ ಹೊಟ್ಟೆ ತುಂಬಾ ಅನ್ನವೋ ಮುದ್ದೆಯೋ ತಿಂದರೆ. ಹದಿಮೂರರ ಮಗುವಿಗೆ 9ರಿಂದ 11 ಗಂಟೆ ನಿದ್ದೆ ಬೇಕು. ಇಷ್ಟೂ ಕೇಳಿದ ಮೇಲೆ ನಾನು ಅವಳ ವಾರವನ್ನು ಹಾಳೆಯಲ್ಲಿ ಬರೆದು ನೋಡಿದೆ. ಖಾಲಿ ದಿನ ಒಂದೂ ಇರಲಿಲ್ಲ. ಕೋಚ್‌ಗೆ ಕೋಲಾಟದ ವಿಷಯ ಗೊತ್ತಿಲ್ಲ, ಕೋಲಾಟ ಹೇಳಿಕೊಡುವವರಿಗೆ ಬುಧವಾರದ ಪಂದ್ಯ ಗೊತ್ತಿಲ್ಲ. ಎರಡೂ ಗೊತ್ತಿರುವವಳು ನಾನೊಬ್ಬಳೇ.

ದಯವಿಟ್ಟು ನೀವೂ ಒಂದು ಸಲ ಬರೆದು ನೋಡಿ. ಹುಡುಗಿಯರು ಕಮೋಗಿಯನ್ನೂ (ಕೋಲು ಹಿಡಿದು ಚೆಂಡು ಹೊಡೆಯುವ ಇಲ್ಲಿನ ಆಟ) ಆಡುತ್ತಿದ್ದರೆ ಇನ್ನೂ ಬೇಗ ನೋಡಿ. ಎರಡು ಆಟಕ್ಕೂ ಸಂಸ್ಥೆ ಬೇರೆ ಬೇರೆ, ಒಂದೇ ದಿನ ಎರಡು ಪಂದ್ಯ ಬಿದ್ದದ್ದನ್ನು ನಾವೇ ನೋಡಿದ್ದೇವೆ. 2027ರ ಹೊತ್ತಿಗೆ ಇವೆರಡು ಮತ್ತು ಜಿಎಎ, ಹೀಗೆ ಮೂರೂ ಸಂಸ್ಥೆಗಳನ್ನು ಒಂದು ಮಾಡುವ ಕೆಲಸ ಐರ್ಲೆಂಡಿನ ಮಾಜಿ ರಾಷ್ಟ್ರಪತಿ ಮೇರಿ ಮ್ಯಾಕಲೀಸ್ ಅವರ ಮುಂದಾಳತ್ವದಲ್ಲಿ ನಡೆಯುತ್ತಿದೆ. ಅಲ್ಲಿಯವರೆಗೆ ಕೋಚ್ ಹತ್ತಿರ ಹೋಗಿ ಹೇಳಬೇಕಾದವರು ನಾವೇ. ಹೇಳಲು ಹಿಂಜರಿಯಬೇಡಿ. ಮಗಳನ್ನು ತಂಡದಿಂದ ಬಿಡುತ್ತಾರೇನೋ ಎಂದು ನನಗೂ ಭಯವಿತ್ತು. ಸೋಮವಾರ ಮಾತಾಡಿದೆ. ಅವರು ಎರಡೇ ಮಾತಿನಲ್ಲಿ ಒಪ್ಪಿದರು, ಈ ಶುಕ್ರವಾರ ಟ್ರೈನಿಂಗ್ ಬೇಡ ಎಂದರು.

ಇನ್ನು ಸೂಚನೆಗಳು, ಜಾಗ ಕಡಿಮೆ ಇದೆ. ದೀಪಾವಳಿ ಊಟ ಇದೇ 18, ಶನಿವಾರ ಸಂಜೆ 5ಕ್ಕೆ, ಎಂದಿನ ಹಾಲ್‌ನಲ್ಲಿ. ಹೋಳಿಗೆಗೆ ಮೂರು ಮನೆಯವರು ಹೆಸರು ಕೊಟ್ಟಿದ್ದಾರೆ, ಅನ್ನ ಸಾರಿಗೆ ಯಾರೂ ಇಲ್ಲ, ದಯವಿಟ್ಟು ನೋಡಿ. ಪಟಾಕಿ ತರಬೇಡಿ, ಇಲ್ಲಿನ ಕಾನೂನು ಬಿಡುವುದಿಲ್ಲ, ಹಣತೆ ತನ್ನಿ. 26ರ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಕನ್ನಡ ತರಗತಿ ಹೊಸ ಸಮಯದ ಪ್ರಕಾರ ಹತ್ತಕ್ಕೆ. ರಾಜ್ಯೋತ್ಸವ ನವೆಂಬರ್ 1, ಶನಿವಾರ ಮಧ್ಯಾಹ್ನ 3ಕ್ಕೆ. ಬೆಳಿಗ್ಗೆ ಪಂದ್ಯ ಇರುವ ಮಕ್ಕಳ ಹೆಸರು ಮೊದಲೇ ತಿಳಿಸಿ, ಅವರ ನೃತ್ಯವನ್ನು ಕೊನೆಗೆ ಇಡುತ್ತೇವೆ. ಶನಿವಾರದ ಕೋಲಾಟ ರಿಹರ್ಸಲ್ ಇನ್ನು ಮುಂದೆ ಮಂಗಳವಾರ ಸಂಜೆ 6ಕ್ಕೆ. ಲೈಬ್ರರಿ ಪುಸ್ತಕ ಮನೆಯಲ್ಲಿ ಉಳಿದಿದ್ದರೆ ತನ್ನಿ.

ಇನ್ನೊಂದು ಮಾತು. ಈ ಸುದ್ದಿಪತ್ರವನ್ನು ಆರು ವರ್ಷದಿಂದ ಇಬ್ಬರೇ ನಡೆಸುತ್ತಿದ್ದೇವೆ. ಜೊತೆಗಿದ್ದವರು ಈ ತಿಂಗಳ ಕೊನೆಗೆ ಕೆಲಸದ ಮೇಲೆ ಕಾರ್ಕ್‌ಗೆ ಹೋಗುತ್ತಿದ್ದಾರೆ. ಟೈಪ್ ಮಾಡಲು ಒಬ್ಬರು, ಪುಟ ಜೋಡಿಸಲು ಒಬ್ಬರು ಬೇಕು. ಕನ್ನಡ ಕೀಬೋರ್ಡ್ ಬರದಿದ್ದರೆ ನಾನೇ ಹೇಳಿಕೊಡುತ್ತೇನೆ. ತಿಂಗಳಿಗೆ ಎರಡು ಸಂಜೆ ಸಾಕು. ನನ್ನೊಬ್ಬಳ ಕೈಲಿ ಡಿಸೆಂಬರ್ ಸಂಚಿಕೆ ಆಗುವುದಿಲ್ಲ.

ಶನಿವಾರ ಮಗಳಿಗೆ ಮತ್ತೆ ಪಂದ್ಯ ಇದೆ. ಭಾನುವಾರ ನಾನು ಅವಳನ್ನು ಎಬ್ಬಿಸುವುದಿಲ್ಲ. ಅಕ್ಷರ ಹೇಳಿಕೊಡುವ ನಮ್ಮ ಅಕ್ಕ ಬೇಜಾರು ಮಾಡಿಕೊಳ್ಳಬಾರದು, ಆ ವಾರದ ಪಾಠವನ್ನು ಅವಳು ಮಂಗಳವಾರ ಬರೆದುಕೊಂಡು ಬರುತ್ತಾಳೆ.