ನೋಡಿಕೊಳ್ಳುವವರಿಗೂ ಒಬ್ಬರು ಜೊತೆಗಿರಲಿ: ದೇಣಿಗೆಗಾಗಿ ಮನವಿ

ಆತ್ಮೀಯರೇ,

ನಮ್ಮ ಟ್ರಸ್ಟ್ ಮೈಸೂರಿನಲ್ಲಿ ಮರೆವಿನ ಕಾಯಿಲೆ ಇರುವ ಹಿರಿಯರ ಮನೆಗಳಿಗೆ ನೆರವಾಗುತ್ತಿದೆ. ಈ ಸಲ ನಾವು ಹಣ ಕೇಳುತ್ತಿರುವುದು ಕಾಯಿಲೆಯವರಿಗಾಗಿ ಅಲ್ಲ. ಅವರನ್ನು ಹಗಲೂ ರಾತ್ರಿ ನೋಡಿಕೊಳ್ಳುವ ಹೆಂಡತಿ, ಗಂಡ, ಮಗಳು, ಸೊಸೆಗಾಗಿ. ಅವರಿಗೆ ವಾರಕ್ಕೆ ಎರಡು ಅರ್ಧ ದಿನವಾದರೂ ಬಿಡುವು ಸಿಗಬೇಕು ಅನ್ನುವುದು ನಮ್ಮ ಆಸೆ. ಇದು ಯಾಕೆ ಇಷ್ಟು ಮುಖ್ಯ ಅಂತ ಹೇಳುವುದಕ್ಕೆ ಮರೆವಿನ ಕಾಯಿಲೆ ಬಂದ ಹೆಂಡತಿಯನ್ನು ನೋಡಿಕೊಂಡ ಅಮೆರಿಕದ ಒಬ್ಬ ಫುಟ್‌ಬಾಲ್ ಕೋಚ್ ಕಥೆ ಹೇಳಬೇಕು. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಅವರ ಹೆಸರು ಫ್ರಾಂಕ್ ಬ್ರಾಯ್ಲ್ಸ್. ಕೆಲಸ ಮಾಡಿದ ಊರು ಅರ್ಕಾನ್ಸಾಸ್ ರಾಜ್ಯದ ಫೆಯೆಟ್‌ವಿಲ್. ಅದಕ್ಕೆ ಹತ್ತಿರದ ಬೆಂಟನ್‌ವಿಲ್‌ನಲ್ಲಿ ವಾಲ್‌ಮಾರ್ಟ್ ಕಂಪನಿಯ ಮುಖ್ಯ ಕಚೇರಿ ಇದೆ. ಐಟಿ ಕೆಲಸಕ್ಕೆ ಅಂತ ಹೋಗಿ ಅಲ್ಲೇ ನೆಲೆಸಿದ ನಮ್ಮವರು ಬೇಕಾದಷ್ಟು ಜನ. ನಮ್ಮ ಸ್ವಯಂಸೇವಕರೊಬ್ಬರ ಮಗಳೂ ಅಲ್ಲಿದ್ದಾರೆ. ಈ ಕಾಯಿಲೆಯವರ ಆರೈಕೆ ಬಗ್ಗೆ ಬ್ರಾಯ್ಲ್ಸ್ ಹೊರತಂದ ಪುಸ್ತಕವನ್ನು ನಮಗೆ ಕಳಿಸಿಕೊಟ್ಟವರು ಅವರೇ.

ಬ್ರಾಯ್ಲ್ಸ್ ಕಲಿಸುತ್ತಿದ್ದದ್ದು ಕಾಲಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಹೆಲ್ಮೆಟ್ ಹಾಕಿಕೊಂಡು ಒಬ್ಬರನ್ನೊಬ್ಬರು ಕೆಡಹುವ ಅಮೆರಿಕನ್ ಫುಟ್‌ಬಾಲ್. ಅಲ್ಲಿ ಕಾಲೇಜು ತಂಡಗಳ ಆಟಕ್ಕೂ ಸ್ಟೇಡಿಯಂ ತುಂಬುತ್ತದೆ. ಅರ್ಕಾನ್ಸಾಸ್‌ಗೆ ತನ್ನದೇ ಆದ ದೊಡ್ಡ ವೃತ್ತಿಪರ ತಂಡ ಇಲ್ಲ. ಹಾಗಾಗಿ ಇಡೀ ರಾಜ್ಯದ ಅಭಿಮಾನವೆಲ್ಲ ವಿಶ್ವವಿದ್ಯಾಲಯದ ತಂಡದ ಮೇಲೆ. ತಂಡದ ಹೆಸರು ರೇಜರ್‌ಬ್ಯಾಕ್ಸ್, ಲಾಂಛನ ಕಾಡುಹಂದಿ.

ಬ್ರಾಯ್ಲ್ಸ್ ಹುಟ್ಟಿದ್ದು 1924ರ ಡಿಸೆಂಬರ್ 26ರಂದು, ಜಾರ್ಜಿಯಾ ರಾಜ್ಯದಲ್ಲಿ. ಜಾರ್ಜಿಯಾ ಟೆಕ್ ಕಾಲೇಜಿನ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿಯನ್ನು ಮುನ್ನಡೆಸಿ ಚೆಂಡು ಎಸೆಯುವ ಆಟಗಾರ, ಆಗಿದ್ದವರು. ಆಮೇಲೆ ಬೇರೆ ಬೇರೆ ಕಡೆ ಸಹಾಯಕ ಕೋಚ್ ಆಗಿ ದುಡಿದರು. 1957ರಲ್ಲಿ ಮಿಸೌರಿಯಲ್ಲಿ ಒಂದು ವರ್ಷ ಮುಖ್ಯ ಕೋಚ್ ಆಗಿದ್ದು, 1958ಕ್ಕೆ ಅರ್ಕಾನ್ಸಾಸ್‌ಗೆ ಬಂದರು. ಬಂದವರು ಮೊದಲ ಆರು ಪಂದ್ಯ ಸಾಲಾಗಿ ಸೋತರು. ಹೊಸ ಊರು, ಹೊಸ ಜನ, ಆರಕ್ಕೆ ಆರೂ ಸೋಲು. ಉಳಿದ ನಾಲ್ಕನ್ನು ಗೆದ್ದು ಆ ವರ್ಷ ಮುಗಿಸಿದರು. ಮುಂದಿನ ಮೂರು ವರ್ಷವೂ ಅವರ ತಂಡ ತನ್ನ ಕಾನ್ಫರೆನ್ಸ್‌ನಲ್ಲಿ, ಅಂದರೆ ತಮ್ಮತಮ್ಮಲ್ಲೇ ಆಡುವ ಕಾಲೇಜು ತಂಡಗಳ ಕೂಟದಲ್ಲಿ, ಮೊದಲ ಸ್ಥಾನಕ್ಕೆ ಬಂತು, ಕೆಲವು ಸಲ ಬೇರೆ ತಂಡಗಳ ಜೊತೆ ಹಂಚಿಕೊಂಡು.

1964ರಲ್ಲಿ ಒಂದೂ ಪಂದ್ಯ ಸೋಲಲಿಲ್ಲ. ಟೆಕ್ಸಾಸ್ ತಂಡವನ್ನು ಅವರ ಊರಿನಲ್ಲೇ 14-13ರಿಂದ ಸೋಲಿಸಿದರು. ಆಮೇಲಿನ ಐದು ಪಂದ್ಯಗಳಲ್ಲಿ ಎದುರಾಳಿಗಳಿಗೆ ಒಂದೇ ಒಂದು ಅಂಕ ಬಿಟ್ಟುಕೊಡಲಿಲ್ಲ. 1965ರ ಹೊಸ ವರ್ಷದ ದಿನ ಕಾಟನ್ ಬೌಲ್ ಅನ್ನುವ ಸೀಸನ್ ಕೊನೆಯ ದೊಡ್ಡ ಪಂದ್ಯದಲ್ಲಿ ನೆಬ್ರಾಸ್ಕವನ್ನು 10-7ರಿಂದ ಗೆದ್ದರು. ಫುಟ್‌ಬಾಲ್ ಬರಹಗಾರರ ಸಂಘ ಅವರ ತಂಡವನ್ನೇ ರಾಷ್ಟ್ರೀಯ ಚಾಂಪಿಯನ್ ಅಂತ ಘೋಷಿಸಿತು.

ಆದರೆ ಜನ ಜಾಸ್ತಿ ನೆನಪಿಟ್ಟುಕೊಂಡಿರುವುದು ಅವರು ಸೋತ ಪಂದ್ಯವನ್ನು. 1969ರ ಡಿಸೆಂಬರ್ 6. ದೇಶದ ಮೊದಲ ಸ್ಥಾನದ ಟೆಕ್ಸಾಸ್, ಎರಡನೇ ಸ್ಥಾನದ ಅರ್ಕಾನ್ಸಾಸ್, ಆಟ ಫೆಯೆಟ್‌ವಿಲ್‌ನಲ್ಲಿ. ಅಧ್ಯಕ್ಷ ನಿಕ್ಸನ್ ಅವರೇ ನೋಡುವುದಕ್ಕೆ ಬಂದಿದ್ದರು. ಕೊನೆಯ ಕಾಲು ಭಾಗ ಶುರುವಾಗುವಾಗ ಅರ್ಕಾನ್ಸಾಸ್ 14-0 ಮುಂದಿತ್ತು. ಟೆಕ್ಸಾಸ್ ಎಂಟು ಅಂಕ ಗಳಿಸಿತು. ಆಗ ಅರ್ಕಾನ್ಸಾಸ್ ಮತ್ತೆ ಎದುರಾಳಿಯ ಗೋಲಿನ ಹತ್ತಿರಕ್ಕೆ ಬಂತು. ಒಂದು ಫೀಲ್ಡ್ ಗೋಲ್ ಒದ್ದಿದ್ದರೆ ಮೂರು ಅಂಕ ಸಿಗುತ್ತಿತ್ತು, ಪಂದ್ಯ ಬಹುಶಃ ಅಲ್ಲಿಗೇ ಮುಗಿಯುತ್ತಿತ್ತು. ಅದರ ಬದಲು ಚೆಂಡು ಎಸೆದರು, ಟೆಕ್ಸಾಸ್ ಆಟಗಾರ ಅದನ್ನು ಹಿಡಿದುಬಿಟ್ಟ. ಕೊನೆಗೆ 15-14, ಒಂದೇ ಅಂಕದ ಸೋಲು. ಆ ಎಸೆತ ಬೇಕಿತ್ತಾ ಅಂತ ಅರ್ಕಾನ್ಸಾಸ್‌ನ ಜನ ವರ್ಷಗಟ್ಟಲೆ ಕೇಳುತ್ತಲೇ ಇದ್ದರು. ಕೋಚ್ ಆದವರು ಮಾರನೇ ದಿನ ಮತ್ತೆ ಮೈದಾನಕ್ಕೆ ಹೋಗಲೇಬೇಕು. ಅವರು ಹೋದರು, ಇನ್ನೂ ಏಳು ವರ್ಷ ತಂಡ ನಡೆಸಿದರು.

ಅವರ ಬದುಕಿನಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಗೆಲುವು ಸೋಲುಗಳಲ್ಲ, ಅವರು ಆರಿಸಿಕೊಂಡ ಸಹಾಯಕರು. ಜಾನಿ ಮೇಜರ್ಸ್, ಬ್ಯಾರಿ ಸ್ವಿಟ್ಜರ್, ಹೇಡನ್ ಫ್ರೈ, ಜೋ ಗಿಬ್ಸ್, ಜಿಮ್ಮಿ ಜಾನ್ಸನ್. ಅಮೆರಿಕದ ಫುಟ್‌ಬಾಲ್ ಗೊತ್ತಿರುವವರಿಗೆ ಇವು ಸಣ್ಣ ಹೆಸರುಗಳಲ್ಲ. ಇವರೆಲ್ಲ ಬ್ರಾಯ್ಲ್ಸ್ ಕೈಕೆಳಗೆ ಸಹಾಯಕ ಕೋಚ್ ಆಗಿ ಕೆಲಸ ಮಾಡಿ, ಮುಂದೆ ತಾವೇ ದೊಡ್ಡ ತಂಡಗಳನ್ನು ಕಟ್ಟಿದರು. ಗಿಬ್ಸ್ ಅಂತೂ ವೃತ್ತಿಪರ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ಅನ್ನು ವಾಷಿಂಗ್ಟನ್ ತಂಡಕ್ಕೆ ಮೂರು ಸಲ ಗೆದ್ದುಕೊಟ್ಟರು. ಮುಖ್ಯ ಕೋಚ್ ಒಬ್ಬನೇ ಎಲ್ಲ ನೋಡಿಕೊಳ್ಳಲು ಆಗುವುದಿಲ್ಲ, ಅಕ್ಕಪಕ್ಕ ಒಳ್ಳೆಯವರು ಬೇಕು ಅನ್ನುವುದು ಬ್ರಾಯ್ಲ್ಸ್ ಕೆಲಸ ಮಾಡಿದ ರೀತಿಯಲ್ಲೇ ಕಾಣುತ್ತದೆ. ವರ್ಷದ ಅತ್ಯುತ್ತಮ ಸಹಾಯಕ ಕೋಚ್‌ಗೆ ಕೊಡುವ ಪ್ರಶಸ್ತಿಗೆ ಇವತ್ತು ಅವರದೇ ಹೆಸರಿದೆ. 1996ರಿಂದ ಅದನ್ನು ಕೊಡುತ್ತಾ ಬಂದಿದ್ದಾರೆ. ಎಲ್ಲರ ಕಣ್ಣು ಮುಖ್ಯ ಕೋಚ್ ಮೇಲೇ ಇರುವ ಆಟದಲ್ಲಿ ಹಿಂದೆ ನಿಂತು ದುಡಿಯುವವರಿಗೆ ಒಂದು ಪ್ರಶಸ್ತಿ. ಎಷ್ಟು ಒಳ್ಳೆಯ ಯೋಚನೆ ಅಲ್ವಾ?

ಕೋಚ್ ಆಗಿರುವಾಗಲೇ ಅವರು ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರೂ ಆದರು. 1976ರ ಸೀಸನ್ ಮುಗಿದ ಮೇಲೆ ಕೋಚಿಂಗ್ ಬಿಟ್ಟರು. ಕೆಲವು ವರ್ಷ ಟಿವಿಯಲ್ಲಿ ವೀಕ್ಷಕ ವಿವರಣೆಯನ್ನೂ ಕೊಟ್ಟರು. ನಿರ್ದೇಶಕರಾಗಿ 2007ರ ಕೊನೆವರೆಗೂ ಇದ್ದರು. ಆ ಕುರ್ಚಿಯಲ್ಲಿ ಆಟ ಕಡಿಮೆ, ಆಡಳಿತ ಜಾಸ್ತಿ. ಬೇರೆ ಬೇರೆ ಆಟಗಳಿಗೆ ಕೋಚ್‌ಗಳನ್ನು ತರಬೇಕು, ಸ್ಟೇಡಿಯಂ ಕಟ್ಟಿಸಬೇಕು, ಟಿವಿ ಒಪ್ಪಂದ ನೋಡಬೇಕು, ಹಣ ಕೂಡಿಸಬೇಕು.

1990ರಲ್ಲಿ ಅವರು ತೆಗೆದುಕೊಂಡ ನಿರ್ಧಾರ ಎಲ್ಲರನ್ನೂ ಬೆಚ್ಚಿಬೀಳಿಸಿತು. ಅರ್ಕಾನ್ಸಾಸ್ ಬಹಳ ಕಾಲದಿಂದ ಸೌತ್‌ವೆಸ್ಟ್ ಕಾನ್ಫರೆನ್ಸ್‌ನಲ್ಲಿತ್ತು. ಅದರಲ್ಲಿ ಉಳಿದ ಎಲ್ಲವೂ ಟೆಕ್ಸಾಸ್ ರಾಜ್ಯದ ತಂಡಗಳು. ಅದನ್ನು ಬಿಟ್ಟು ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಸೇರುತ್ತೇವೆ ಅಂದರು. ಟೆಕ್ಸಾಸ್ ಜೊತೆಗಿನ ಹಳೆಯ ಪೈಪೋಟಿ ಹೋಗುತ್ತದಲ್ಲಾ ಅಂತ ಜನರಿಗೆ ಹೊಟ್ಟೆ ಉರಿಯಿತು. ಆರು ವರ್ಷದಲ್ಲಿ ಸೌತ್‌ವೆಸ್ಟ್ ಕಾನ್ಫರೆನ್ಸ್ ಮುಚ್ಚಿಯೇ ಹೋಯಿತು. ಸೌತ್‌ಈಸ್ಟರ್ನ್ ಇವತ್ತು ಕಾಲೇಜು ಆಟಗಳಲ್ಲಿ ಅತಿ ಬಲವಾದ ಕಾನ್ಫರೆನ್ಸ್‌ಗಳಲ್ಲಿ ಒಂದು. ಮುಂದೆ ಏನಾಗುತ್ತದೆ ಅಂತ ಮೊದಲೇ ಕಂಡು, ಬೈಗುಳ ತಿಂದರೂ ಸರಿ ಅಂತ ಹೆಜ್ಜೆ ಇಟ್ಟವರು ಅವರು.

ಬ್ಯಾಸ್ಕೆಟ್‌ಬಾಲ್‌ಗೆ ಅವರು ತಂದ ನೋಲನ್ ರಿಚರ್ಡ್‌ಸನ್ 1994ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು. ಅದೇ ರಿಚರ್ಡ್‌ಸನ್ ಅವರನ್ನು 2002ರಲ್ಲಿ ವಿಶ್ವವಿದ್ಯಾಲಯ ಕೆಲಸದಿಂದ ತೆಗೆಯಿತು. ಕಪ್ಪು ವರ್ಣದವನು ಅನ್ನುವ ಕಾರಣಕ್ಕೆ ನನಗೆ ಹೀಗಾಯಿತು ಅಂತ ಅವರು ಕೋರ್ಟಿಗೆ ಹೋದರು. ತೀರ್ಪು ಅವರ ಪರ ಬರಲಿಲ್ಲ, ಆದರೆ ಆ ನೋವು ಬೇಗ ಆರುವಂಥದ್ದಲ್ಲ. ದೊಡ್ಡವರನ್ನು ನೆನೆಯುವಾಗ ಇದನ್ನೂ ಮುಚ್ಚಿಡಬಾರದು ಅನ್ನಿಸಿ ಬರೆದಿದ್ದೇವೆ.

ಹಣ ಕೂಡಿಸುವುದರಲ್ಲಿ ಬ್ರಾಯ್ಲ್ಸ್ ಅವರನ್ನು ಮೀರಿಸಿದವರು ಕಡಿಮೆ. ವಾಲ್‌ಮಾರ್ಟ್ ಕಟ್ಟಿದ ಸ್ಯಾಮ್ ವಾಲ್ಟನ್ ಅವರ ತಮ್ಮ ಬಡ್ ವಾಲ್ಟನ್ ಕೊಟ್ಟ 1.5 ಕೋಟಿ ಡಾಲರ್ ದೇಣಿಗೆಯಿಂದ 1993ರಲ್ಲಿ ದೊಡ್ಡ ಬ್ಯಾಸ್ಕೆಟ್‌ಬಾಲ್ ಕ್ರೀಡಾಂಗಣ ಎದ್ದಿತು. ಅದು ಒಟ್ಟು ಖರ್ಚಿನ ಸುಮಾರು ಅರ್ಧ. ಉಳಿದದ್ದನ್ನು ಬೇರೆ ದಾರಿಯಲ್ಲಿ ಹೊಂದಿಸಿದರು. ಒಳ್ಳೆಯ ಕೆಲಸಕ್ಕೆ ಬಾಯಿ ಬಿಟ್ಟು ಕೇಳುವುದರಲ್ಲಿ ಅವರಿಗೆ ಸಂಕೋಚ ಇರಲಿಲ್ಲ. ನಾವೂ ಸಂಕೋಚ ಬಿಟ್ಟು ಕೇಳುತ್ತಿದ್ದೇವೆ.

ಇಷ್ಟೆಲ್ಲ ಕಂಡವರ ಮನೆಗೇ ಮರೆವಿನ ಕಾಯಿಲೆಗಳಲ್ಲಿ ಒಂದಾದ ಅಲ್ಝೈಮರ್ಸ್ ಬಂತು. ಹೆಂಡತಿ ಬಾರ್ಬರಾಗೆ. ಇಬ್ಬರೂ ಚಿಕ್ಕ ವಯಸ್ಸಿನಿಂದಲೇ ಪರಿಚಿತರು. 1945ರಲ್ಲಿ ಮದುವೆ, ಆರು ಮಕ್ಕಳು. ಅವರನ್ನು ಬ್ರಾಯ್ಲ್ಸ್, ಮಕ್ಕಳು, ಮನೆಯವರು ಸೇರಿ ನೋಡಿಕೊಂಡರು. 2004ರಲ್ಲಿ ಬಾರ್ಬರಾ ತೀರಿಕೊಂಡರು. ಆಮೇಲೆ ಆ ಕುಟುಂಬ ಮಾಡಿದ ಕೆಲಸಕ್ಕೆ ನಾವು ತಲೆಬಾಗುತ್ತೇವೆ. ತಮಗೆ ಯಾರೂ ಹೇಳಿಕೊಡದೆ ತಾವೇ ಕಷ್ಟಪಟ್ಟು ಕಲಿತದ್ದನ್ನೆಲ್ಲ ಒಂದು ಕೈಪಿಡಿ ಮಾಡಿ 2006ರಲ್ಲಿ ಹೊರತಂದರು. ಕೋಚ್ ತಂಡಕ್ಕೆ ಬರೆದುಕೊಡುವ ಪ್ಲೇಬುಕ್ ಥರವೇ ಅದನ್ನು ಬರೆದರು. ಕಾಯಿಲೆಯ ಮೊದಲ ಹಂತ, ನಡುವಿನ ಹಂತ, ಕೊನೆಯ ಹಂತ, ಒಂದೊಂದಕ್ಕೂ ಮನೆಯವರು ಏನು ಮಾಡಬೇಕು ಅಂತ ಸರಳ ಮಾತಿನಲ್ಲಿದೆ. ಲಕ್ಷಗಟ್ಟಲೆ ಪ್ರತಿಗಳನ್ನು ಉಚಿತವಾಗಿ ಹಂಚಿದರು. ಒಬ್ಬರೇ ಹೊರಬೇಡಿ, ತಂಡ ಕಟ್ಟಿಕೊಳ್ಳಿ ಅನ್ನುವುದು ಅದರ ಜೀವಾಳ. ಮುಂದೆ ಅದೇ ಕಾಯಿಲೆ ಬ್ರಾಯ್ಲ್ಸ್ ಅವರಿಗೂ ಬಂತು. 2017ರ ಆಗಸ್ಟ್ 14ರಂದು, 92ನೇ ವಯಸ್ಸಿನಲ್ಲಿ, ಅದರಿಂದಾದ ತೊಂದರೆಗಳಿಂದಲೇ ತೀರಿಕೊಂಡರು.

ಈಗ ನಮ್ಮ ಕಡೆಯ ಮಾತು.

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇದೆ. ಅಂದರೆ ಸುಮಾರು 88 ಲಕ್ಷ ಜನ. ಇದರಲ್ಲಿ ಹೆಂಗಸರೇ ಜಾಸ್ತಿ. ಎಷ್ಟೋ ಮನೆಗಳಲ್ಲಿ ಇದನ್ನು ಕಾಯಿಲೆ ಅಂತಲೇ ಅಂದುಕೊಳ್ಳುವುದಿಲ್ಲ. ವಯಸ್ಸಾಯಿತು, ಅರಳುಮರಳು ಅಂತ ಸುಮ್ಮನಾಗುತ್ತಾರೆ. ಗ್ಯಾಸ್ ಹಚ್ಚಿ ಮರೆತು ಹೋದಾಗಲೋ, ಬೆಳಿಗ್ಗೆ ಹಾಲು ತರಲು ಹೋದವರು ಮಧ್ಯಾಹ್ನವಾದರೂ ಬಾರದೆ ಇದ್ದಾಗಲೋ ಗಾಬರಿ ಶುರುವಾಗುತ್ತದೆ.

ಅಲ್ಲಿಂದ ಮುಂದೆ ನೋಡಿಕೊಳ್ಳುವುದೆಲ್ಲ ಹೆಚ್ಚಾಗಿ ಒಬ್ಬರ ತಲೆ ಮೇಲೇ ಬೀಳುತ್ತದೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಹಣ ಕಳಿಸುತ್ತಾರೆ, ದಿನಾ ವಿಡಿಯೋ ಕಾಲ್ ಮಾಡುತ್ತಾರೆ. ಆದರೆ ಸಂಜೆಯಾಗುತ್ತಿದ್ದಂತೆ ಸ್ವಂತ ಮನೆಯಲ್ಲೇ ಕೂತು "ನನ್ನನ್ನು ಮನೆಗೆ ಕಳಿಸಿ" ಅಂತ ಬಾಗಿಲು ಬಡಿಯುವ ಯಜಮಾನರನ್ನು ಸಮಾಧಾನ ಮಾಡಬೇಕಾದವರು ಎಪ್ಪತ್ತು ದಾಟಿದ ಅವರ ಹೆಂಡತಿ. ರಾತ್ರಿ ಎದ್ದು ಓಡಾಡಿದರೆ ಹಿಂದೆಯೇ ಎದ್ದು ಓಡಾಡಬೇಕು. ಸ್ನಾನ ಮಾಡಿಸಬೇಕು, ಬಟ್ಟೆ ಬದಲಿಸಬೇಕು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೂ ಕೋಪ ಮಾಡಿಕೊಳ್ಳದೆ ಉತ್ತರ ಹೇಳಬೇಕು. ತಮ್ಮ ಬಿಪಿ, ತಮ್ಮ ಮಂಡಿನೋವು, ತಮ್ಮ ಕಣ್ಣಿನ ಆಪರೇಷನ್ ಎಲ್ಲವನ್ನೂ ಮುಂದಕ್ಕೆ ಹಾಕುತ್ತಾ ಹೋಗುತ್ತಾರೆ. ಮದುವೆ, ಗೃಹಪ್ರವೇಶ, ಕೊನೆಗೆ ಒಡಹುಟ್ಟಿದವರು ತೀರಿಕೊಂಡರೂ ಹೋಗಲು ಆಗುವುದಿಲ್ಲ.

ಬ್ರಾಯ್ಲ್ಸ್ ಅವರಿಗೆ ಆರು ಮಕ್ಕಳಿದ್ದರು, ಹೆಸರಿತ್ತು, ಅನುಕೂಲವಿತ್ತು. ಅಂಥವರಿಗೇ ಒಬ್ಬರಿಂದ ಆಗುವ ಕೆಲಸವಲ್ಲ ಅಂತ ಅನ್ನಿಸಿತು. ನಮ್ಮ ಓಣಿಯ ಈ ತಾಯಂದಿರಿಗೆ ಯಾರಿದ್ದಾರೆ?

ಅದಕ್ಕೇ ಈ ಯೋಜನೆ. ಅಕ್ಕಪಕ್ಕದ ಬಡಾವಣೆಗಳ ಹೆಣ್ಣುಮಕ್ಕಳು, ಗಂಡುಮಕ್ಕಳನ್ನು ಆರಿಸಿ ತರಬೇತಿ ಕೊಡುತ್ತೇವೆ. ಮರೆವಿನ ಕಾಯಿಲೆಯವರ ಜೊತೆ ವಾದ ಮಾಡದೆ ಮಾತನಾಡುವುದು ಹೇಗೆ, ಬೀಳದ ಹಾಗೆ ಎಬ್ಬಿಸಿ ನಡೆಸುವುದು ಹೇಗೆ, ಗಂಟಲಿಗೆ ಸಿಕ್ಕಿಕೊಳ್ಳದ ಹಾಗೆ ಊಟ ಮಾಡಿಸುವುದು ಹೇಗೆ, ರೇಗಿದಾಗ ಗಮನ ಬೇರೆ ಕಡೆ ತಿರುಗಿಸುವುದು ಹೇಗೆ ಅಂತ ಕಲಿಸುತ್ತೇವೆ. ಅವರು ವಾರಕ್ಕೆ ಎರಡು ಸಲ, ಒಂದೊಂದು ಸಲ ಅರ್ಧ ದಿನ, ಆ ಮನೆಗೆ ಹೋಗಿ ಹಿರಿಯರ ಜೊತೆ ಇರುತ್ತಾರೆ. ಆ ಹೊತ್ತು ಮನೆಯವರದ್ದು. ಬ್ಯಾಂಕಿಗೆ ಹೋಗಬಹುದು, ಡಾಕ್ಟರ್ ಹತ್ತಿರ ಹೋಗಬಹುದು, ತಂಗಿ ಮನೆಗೆ ಹೋಗಿ ಕಾಫಿ ಕುಡಿದು ಬರಬಹುದು. ಏನೂ ಬೇಡ ಅಂದರೆ ಸುಮ್ನೆ ಒಳಗಿನ ಕೋಣೆಯಲ್ಲಿ ಮಲಗಿ ನಿದ್ದೆ ಮಾಡಬಹುದು. ಈ ಕೆಲಸ ಸಣ್ಣ ಪ್ರಮಾಣದಲ್ಲಿ ಈಗಾಗಲೇ ನಡೆಯುತ್ತಿದೆ. ಮೊದಲ ದಿನ ಹೆಚ್ಚಿನವರು ಮಾಡುವುದು ನಿದ್ದೆಯನ್ನೇ.

ಇದರ ಜೊತೆಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಮಾಡುವ ಆಸೆಯೂ ಇದೆ. ಬ್ರಾಯ್ಲ್ಸ್ ಅವರದ್ದನ್ನು ಹಾಗೇ ಕನ್ನಡಕ್ಕೆ ತರುವುದಲ್ಲ. ನಮ್ಮ ಮನೆಗಳ ಅಡುಗೆಮನೆ, ಬಚ್ಚಲು, ದೇವರ ದೀಪ, ಬಾಗಿಲ ಚಿಲಕ, ಇವುಗಳನ್ನು ನೋಡಿ ಬರೆದದ್ದು ಆಗಬೇಕು. ಈ ಕಾಯಿಲೆಯ ಆರೈಕೆ ಬಲ್ಲ ವೈದ್ಯರು ಮತ್ತು ನರ್ಸ್‌ಗಳಿಗೆ ತೋರಿಸಿ, ಅವರು ಸರಿ ಅಂದ ಮೇಲೆಯೇ ಅಚ್ಚು ಹಾಕಿಸುತ್ತೇವೆ. ಬೇಕು ಅಂದವರಿಗೆಲ್ಲ ಉಚಿತವಾಗಿ ಕೊಡುತ್ತೇವೆ.

ಖರ್ಚಿನ ಲೆಕ್ಕ ಹೀಗಿದೆ. ಒಂದು ಅರ್ಧ ದಿನಕ್ಕೆ 500 ರೂಪಾಯಿ. ಅದರಲ್ಲಿ 50 ಬಸ್ಸಿಗೆ, ಉಳಿದದ್ದು ಪೂರ್ತಿ ಸಹಾಯಕರ ಕೈಗೆ. ಬಿಟ್ಟಿ ದುಡಿಸಿಕೊಂಡು ಸೇವೆ ಅಂತ ಕರೆಯುವುದು ನಮಗೆ ಇಷ್ಟವಿಲ್ಲ. ಒಂದು ಮನೆಗೆ ತಿಂಗಳಿಗೆ ಎಂಟು ಸಲ ಅಂದರೆ 4,000, ವರ್ಷಕ್ಕೆ 48,000. ನೀವು 500 ಕೊಟ್ಟರೂ ಒಬ್ಬರಿಗೆ ಒಂದು ಮಧ್ಯಾಹ್ನದ ಬಿಡುವು ಸಿಗುತ್ತದೆ. ನಾಲ್ಕೈದು ಗೆಳೆಯರು ಸೇರಿ ಒಂದು ಮನೆಯನ್ನು ವರ್ಷದ ಮಟ್ಟಿಗೆ ವಹಿಸಿಕೊಳ್ಳಬಹುದು. ಅಪ್ಪ ಅಮ್ಮನ ನೆನಪಿಗೆ, ಹುಟ್ಟುಹಬ್ಬಕ್ಕೆ, ತಿಥಿಗೆ ಅಂತ ಕೊಡುವವರೂ ಇದ್ದಾರೆ. ಹೊರದೇಶದಲ್ಲಿ ಇರುವವರು ಹಣ ಕಳಿಸುವ ಮೊದಲು ದಯವಿಟ್ಟು ಕಚೇರಿಗೆ ಒಂದು ಮಾತು ಕೇಳಿ. ವಿದೇಶದ ದೇಣಿಗೆಗೆ ಬೇರೆ ನಿಯಮಗಳಿವೆ.

ಹಣ ಕೊಡಲು ಆಗದವರು ಸಮಯ ಕೊಡಬಹುದು. ನಿವೃತ್ತ ನರ್ಸ್‌ಗಳು, ಶಿಕ್ಷಕರು, ಫಿಸಿಯೋಥೆರಪಿ ಬಲ್ಲವರು ತರಬೇತಿಗೆ ಬಂದು ಪಾಠ ಹೇಳಿದರೆ ದೊಡ್ಡ ಉಪಕಾರ. ನಿಮ್ಮ ಬೀದಿಯಲ್ಲಿ ಇಂಥ ಕಷ್ಟದಲ್ಲಿರುವ ಮನೆ ಇದ್ದರೆ ನಮಗೆ ತಿಳಿಸಿ. ಅವರಾಗಿ ಬಂದು ಕೇಳುವುದು ಬಹಳ ಅಪರೂಪ.

ದೇಣಿಗೆಯನ್ನು ಚೆಕ್ ಅಥವಾ ಯುಪಿಐ ಮೂಲಕ ಕೊಡಬಹುದು. ಕಚೇರಿಗೆ ಬಂದು ನಗದು ಕೊಟ್ಟರೂ ಸರಿ, ರಶೀದಿ ಪಡೆಯದೆ ಹೋಗಬೇಡಿ. ತೆರಿಗೆ ರಿಯಾಯಿತಿ ಬೇಕಾದವರು ಪ್ಯಾನ್ ಸಂಖ್ಯೆ ಬರೆಸಿ. ಪ್ರತಿ ತಿಂಗಳ ಜಮಾ ಖರ್ಚನ್ನು ಕಚೇರಿಯ ಫಲಕದ ಮೇಲೆ ಹಾಕುತ್ತೇವೆ. ಕಾಯಿಲೆಯವರ ಹೆಸರು, ಫೋಟೋ ಮಾತ್ರ ಎಲ್ಲೂ ಹಾಕುವುದಿಲ್ಲ. ದಾನಿಗಳು ಕೇಳಿದರೂ ತೋರಿಸುವುದಿಲ್ಲ, ಇದನ್ನು ದಯವಿಟ್ಟು ತಪ್ಪು ತಿಳಿಯಬೇಡಿ. ಸಹಾಯಕರ ಮುಂದಿನ ತಂಡದ ತರಬೇತಿ ದಸರಾ ಮುಗಿದ ಕೂಡಲೇ ಶುರುವಾಗುತ್ತದೆ. ಅಷ್ಟರೊಳಗೆ ನಿಮ್ಮ ಕೈಲಾದದ್ದು ನಮಗೆ ತಲುಪಿದರೆ ಕಾಯುತ್ತಿರುವ ಮನೆಗಳಿಗೆ ದಿನ ಗೊತ್ತು ಮಾಡಿ ಹೇಳುತ್ತೇವೆ.

ಇಂತಿ,
ಟ್ರಸ್ಟಿನ ಎಲ್ಲ ಕಾರ್ಯಕರ್ತರ ಪರವಾಗಿ
ಕಾರ್ಯದರ್ಶಿ