ಕ್ಯಾಪೊ ಮೂರನೇ ಫ್ರೆಟ್‌ಗೆ

ಟ್ಯೂಬಿಂಗನ್, ಜರ್ಮನಿ, ಡಿಸೆಂಬರ್ 3

ಪ್ರೀತಿಯ ಅಪ್ಪ,

ಕರ್ತನ ನಾಮದಲ್ಲಿ ವಂದನೆಗಳು. ಅವ್ವನ ಮೊಣಕಾಲು ನೋವು ಕಡಿಮೆ ಆಯಿತಾ? ನಾನು ಆರಾಮಾಗಿದ್ದೇನೆ. ಚಳಿ ಮಾತ್ರ ಜಾಸ್ತಿ. ಸಂಜೆ ಐದಕ್ಕೆಲ್ಲ ಪೂರ್ತಿ ಕತ್ತಲು.

ಒಂದು ಸುದ್ದಿ ಹೇಳಬೇಕು. ಈ ಸಲ ಕ್ರಿಸ್‌ಮಸ್ ಹಿಂದಿನ ದಿನ, 24ರ ಸಂಜೆಯ ಆರಾಧನೆಗೆ ಗಿಟಾರ್ ನುಡಿಸುವುದು ನಾನು. ಇಲ್ಲಿ ಆ ದಿನ ಮಧ್ಯಾಹ್ನದಿಂದ ರಾತ್ರಿವರೆಗೆ ಒಂದಾದ ಮೇಲೊಂದು ಆರಾಧನೆ ನಡೆಯುತ್ತದೆ. ಐದು ಗಂಟೆಯದು ಚರ್ಚಿನ ಪಕ್ಕದ ಹಾಲ್‌ನಲ್ಲಿ. ಚಿಕ್ಕ ಮಕ್ಕಳು, ವಯಸ್ಸಾದವರು ಬರುತ್ತಾರೆ. ಅಲ್ಲಿ ಆರ್ಗನ್ ಇಲ್ಲ. ಪಾಸ್ಟರ್ ಕೇಳಿದರು, ನಾನು ಒಪ್ಪಿಕೊಂಡೆ.

ಹನ್ನೊಂದು ಹಾಡಿನ ಪಟ್ಟಿ ಕೊಟ್ಟಿದ್ದರು. ನಾಲ್ಕನ್ನು ಇಟ್ಟುಕೊಂಡೆ. ಮಕ್ಕಳ ಹಾಡಿಗೆ ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಸಾಕು, ಅದರ ಚಿಂತೆ ಇಲ್ಲ. ಕಷ್ಟ ಕೊಟ್ಟಿದ್ದು 'ಎಸ್ ಇಸ್ಟ್ ಐನ್ ರೋಸ್' ಅನ್ನುವ ಹಳೆಯ ಜರ್ಮನ್ ಕ್ರಿಸ್‌ಮಸ್ ಹಾಡು. 1609ರಲ್ಲಿ ಪ್ರೆಟೋರಿಯಸ್ ಅನ್ನುವ ಸಂಗೀತಗಾರ ಅದನ್ನು ನಾಲ್ಕು ದನಿಗಳಿಗೆ ಹೊಂದಿಸಿದ್ದು. ಹೆಚ್ಚುಕಡಿಮೆ ಪ್ರತಿ ಅಕ್ಷರಕ್ಕೂ ಕಾರ್ಡ್ ಬದಲಾಗುತ್ತದೆ. ಪಿಕ್ ಹಿಡಿದು ಬಾರಿಸಿದರೆ ಹಾಡೇ ಒಡೆದುಹೋಗುತ್ತದೆ. ಮೂರು ರಾತ್ರಿ ಕೂತು ನೋಡಿದೆ. ಕೊನೆಗೆ ಮಧ್ಯದ ಎರಡು ದನಿ ಬಿಟ್ಟುಬಿಟ್ಟೆ. ಕೆಳಗಿನ ದನಿ ಹೆಬ್ಬೆರಳಿಗೆ, ಮೇಲಿನದು ಉಳಿದ ಬೆರಳುಗಳಿಗೆ. ಈಗ ಎಷ್ಟು ತಿಳಿಯಾಗಿ ಕೇಳುತ್ತದೆ ಗೊತ್ತಾ! ಎಲ್ಲ ಸ್ವರವನ್ನೂ ತುಂಬಬೇಕು ಅನ್ನುವ ಆಸೆ ಬಿಡೋದೇ ಕಷ್ಟ.

ಆದರೆ ನಾನು ಬರೆಯೋಕೆ ಕೂತಿದ್ದು 'ಸೈಲೆಂಟ್ ನೈಟ್' ಬಗ್ಗೆ. ಅಪ್ಪ, ಅದು ಮೊದಲ ದಿನವೇ ಗಿಟಾರ್ ಜೊತೆ ಹಾಡಿದ ಹಾಡು! ಮಾತು ಬರೆದವರು ಯೋಸೆಫ್ ಮೋರ್ ಅನ್ನುವ ಎಳೆಯ ಪಾದ್ರಿ, 1816ರಲ್ಲಿ. ರಾಗ ಕಟ್ಟಿದವರು ಫ್ರಾಂಟ್ಸ್ ಗ್ರೂಬರ್, ಪಕ್ಕದ ಹಳ್ಳಿಯ ಶಾಲೆಯ ಮೇಷ್ಟ್ರು. 1818ರ ಡಿಸೆಂಬರ್ 24ರಂದು ಸಾಲ್ಸ್‌ಬರ್ಗ್ ಹತ್ತಿರದ ಓಬರ್ನ್‌ಡಾರ್ಫ್ ಚರ್ಚಿನಲ್ಲಿ ಇಬ್ಬರೂ ನಿಂತು ಹಾಡಿದರು. ಗಿಟಾರ್ ಮೋರ್ ಅವರ ಕೈಯಲ್ಲಿತ್ತು. ಅವರೇ ಬರೆದಿಟ್ಟ ಒಂದು ಪ್ರತಿ 1995ರಲ್ಲಿ ಸಿಕ್ಕಿತು. ಅದರಲ್ಲಿ ಗಿಟಾರ್ ಭಾಗವೂ ಇದೆ, ಡಿ ಶ್ರುತಿಯಲ್ಲಿ.

ನಾನು ಚಿಕ್ಕವಳಿದ್ದಾಗ ನೀವು ಗಿಟಾರ್ ಹಿಡಿದು ಆರಾಧನೆಗೆ ಹೋದದ್ದು, ಹಿರಿಯರೊಬ್ಬರು "ಇದು ದೇವರ ಮನೆಗೆ ಆಗೋ ವಾದ್ಯ ಅಲ್ಲ" ಅಂದದ್ದು ನನಗೆ ಇನ್ನೂ ನೆನಪಿದೆ. ನೀವು ಏನೂ ಹೇಳದೆ ಅದನ್ನು ಚೀಲಕ್ಕೆ ಹಾಕಿದಿರಿ. ಮೋರ್ ಅವರ ಈ ಕಥೆ ಓದಿದ ದಿನ ನಿಮಗೆ ಪತ್ರ ಬರೆಯಲೇಬೇಕು ಅನಿಸಿತು.

ಮೋರ್ ಅವರ ಹಾಗೆ ಡಿಯಲ್ಲೇ ನುಡಿಸಬೇಕು ಅಂತ ನನಗೂ ಆಸೆ ಇತ್ತು. ಡಿ ತಂತಿ, ಎ ತಂತಿ ಎರಡೂ ಒತ್ತದೆಯೇ ಸಿಗುತ್ತವೆ, ಗಂಟೆಯ ಹಾಗೆ ಮೊಳಗುತ್ತವೆ. ಆದರೆ ಆ ರಾಗದ ಹರವು ಒಂದು ಸಪ್ತಕಕ್ಕಿಂತ ಜಾಸ್ತಿ. ಮೊದಲ ಅಭ್ಯಾಸದಲ್ಲಿ ಮೇಲಿನ ಸ್ವರ ಬಂದಾಗ ಮುಂದಿನ ಸಾಲಿನ ಅಜ್ಜಿಯರೆಲ್ಲ ಬಾಯಿ ಮುಚ್ಚಿಕೊಂಡರು. ಜನ ಹಾಡದಿದ್ದರೆ ಗಿಟಾರ್ ಯಾಕೆ ಅಂತ ನೀವೇ ಅನ್ನುತ್ತಿದ್ದಿರಿ, ಅಲ್ವಾ? ಅವತ್ತೇ ಬಿ ಫ್ಲ್ಯಾಟ್‌ಗೆ ಇಳಿಸಿದೆ. ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಯಾಪೊ ಮೂರನೇ ಫ್ರೆಟ್‌ಗೆ (ಕುತ್ತಿಗೆಯ ಮೂರನೇ ಪಟ್ಟಿಗೆ), ಬೆರಳು ಜಿಯಲ್ಲಿ. ಅದೇ ಕ್ಯಾಪೊ ಇಟ್ಟುಕೊಂಡು ಡಿಯ ಬೆರಳು ಹಿಡಿದರೆ ಎಫ್ ಬರುತ್ತದೆ, 'ರೋಸ್' ಹಾಡಿಗೆ ಅದು ಸರಿಯಾಗಿದೆ. ಎರಡು ಹಾಡಿನ ನಡುವೆ ಏನನ್ನೂ ಕದಲಿಸಬೇಕಾಗಿಲ್ಲ.

ಆರು ಎಣಿಕೆಯ ತಾಳ. ಹೆಬ್ಬೆರಳಿಂದ ಒಂದು, ಆಮೇಲೆ ತೋರು, ನಡು, ಉಂಗುರ, ನಡು, ತೋರು. ತೊಟ್ಟಿಲು ತೂಗಿದ ಹಾಗೆ. ಕೊನೆಯ ಚರಣದ ಅರ್ಧದವರೆಗೆ ಕೈ ತೆಗೆದುಬಿಡುತ್ತೇನೆ, ಬರೀ ಜನರ ದನಿ. ಆಮೇಲೆ ಮೆಲ್ಲಗೆ ಸೇರಿಕೊಳ್ಳುತ್ತೇನೆ. ಆರಾಧನೆ ಮುಗಿಸುವುದು 'ಓ ದು ಫ್ರೋಲಿಶೆ' ಅನ್ನುವ ಕ್ರಿಸ್‌ಮಸ್ ಹಾಡಿನಿಂದ, ಎಲ್ಲರೂ ಎದ್ದು ನಿಂತು. ಇಲ್ಲಿ ಅದು ಇಲ್ಲದೆ ಆ ಸಂಜೆ ಮುಗಿಯುವುದೇ ಇಲ್ಲ. ಅದಕ್ಕೆ ಕ್ಯಾಪೊ ತೆಗೆದು, ಪಿಕ್ ಹಿಡಿದು ಜೋರಾಗಿ.

'ಸೈಲೆಂಟ್ ನೈಟ್'ನ ಒಂದು ಚರಣ ಕನ್ನಡದಲ್ಲಿ ಹಾಡು ಅಂತ ಪಾಸ್ಟರ್ ಕೇಳಿದ್ದಾರೆ. ಕನ್ನಡ ನಿಘಂಟು ಮಾಡಿದ ಕಿಟೆಲ್ ತೀರಿಕೊಂಡಿದ್ದು ಇದೇ ಊರಿನಲ್ಲಿ, 1903ರಲ್ಲಿ. ಧಾರವಾಡದಲ್ಲಿ ನಾನು ಓದಿದ ಕಾಲೇಜಿಗೆ ಅವರದೇ ಹೆಸರು ಅಂದಾಗ ಪಾಸ್ಟರ್‌ಗೆ ತುಂಬ ಖುಷಿಯಾಯಿತು. ಕಪಾಟಿನಲ್ಲಿರುವ ಹಳೆಯ ಹಾಡಿನ ಪುಸ್ತಕದ ಆ ಪುಟದ ಫೋಟೋ ಕಳಿಸಿ. ನನಗೆ ನೆನಪಿರುವ ಎರಡನೇ ಸಾಲಿನಲ್ಲಿ ಹ್ರಸ್ವ ಅಕ್ಷರವೊಂದು ಉದ್ದ ಸ್ವರಕ್ಕೆ ಬೀಳುತ್ತದೆ, ಎಳೆದರೆ ಕಿವಿಗೆ ಹಿತವಾಗಿಲ್ಲ. ಅಜ್ಜಿ ಅದನ್ನು ಹೇಗೆ ಹಾಡುತ್ತಿದ್ದರು? ಅವ್ವನಿಗೆ ನೆನಪಿರಬಹುದು. ಸುಮ್ನೆ ಫೋನಿನಲ್ಲಿ ಹಾಡಿ ಕಳಿಸಲಿ, ಸಾಕು.

ಇಲ್ಲಿ ಐದು ಅಂದರೆ ನಿಮಗೆ ರಾತ್ರಿ ಒಂಬತ್ತೂವರೆ. ಆ ಹೊತ್ತಿಗೆ ನೀವೂ ಮನೆಯಲ್ಲಿ ಅದೇ ಹಾಡು ನುಡಿಸುತ್ತೀರಾ? ಅವ್ವನಿಗೂ ಡಿ ಎತ್ತರ ಆಗುತ್ತದೆ, ಬಿ ಫ್ಲ್ಯಾಟ್‌ನಲ್ಲೇ ನುಡಿಸಿ. ನಿಮ್ಮ ಕ್ಯಾಪೊ ಹೊಲಿಗೆ ಮಷೀನಿನ ಡ್ರಾಯರ್‌ನಲ್ಲಿದೆ, ಬರುವಾಗ ನಾನೇ ಇಟ್ಟಿದ್ದೆ.

ನಿಮ್ಮ ಮಗಳು